ಬಾಣಂತಿಯ ಮನಸ್ಸು ಮತ್ತು ಅಂಗೈಯ ಕನ್ನಡಿ

ಹೆರಿಗೆಯಾದ ಹೆಣ್ಣಿನ ಮೈಯನ್ನು ಹೇಗೆ ನೋಡಿಕೊಳ್ಳಬೇಕೆಂಬುದಕ್ಕೆ ನಮ್ಮ ನಾಡಿನ ಮನೆಗಳಲ್ಲಿ ಕಟ್ಟಳೆಗಳ ಕೊರತೆಯಿಲ್ಲ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹಂಡೆಯ ಬಿಸಿನೀರಿನ ಸ್ನಾನ, ಕೆಂಡದ ಮೇಲೆ ಸಾಂಬ್ರಾಣಿ, ಮೆಣಸು ಬೆಳ್ಳುಳ್ಳಿಯ ಸಾರು, ಉತ್ತರ ಕರ್ನಾಟಕದ ಕಡೆಯಾದರೆ ಅಂಟಿನುಂಡೆ. ತಣ್ಣೀರು ಮುಟ್ಟಕೂಡದು, ಗಾಳಿಗೆ ಕೂರಕೂಡದು, ಕಣ್ಣಿಗೆ ಕೇಡೆಂದು ಪುಸ್ತಕ ಹಿಡಿಯಕೂಡದು. ಇವುಗಳಲ್ಲಿ ಕೆಲವಕ್ಕೆ ಅರ್ಥವಿದೆ, ಕೆಲವಕ್ಕೆ ಇಲ್ಲ. ಆದರೆ ಒಟ್ಟು ಏರ್ಪಾಟಿನ ಹಿಂದಿರುವ ವಿವೇಕವನ್ನು ಅಲ್ಲಗಳೆಯುವಂತಿಲ್ಲ. ಹೆತ್ತವಳಿಗೆ ಕೆಲವು ತಿಂಗಳು ವಿಶ್ರಾಂತಿ ಬೇಕು, ಆಕೆಯ ಪಾಲಿನ ಕೆಲಸವನ್ನು ಬೇರೆಯವರು ಮಾಡಬೇಕು, ಅದಕ್ಕೆ ತವರುಮನೆಯೇ ತಕ್ಕ ಜಾಗ ಎಂಬುದನ್ನು ಹಿರಿಯರು ಕಂಡುಕೊಂಡಿದ್ದರು.

ಮೈಗೆ ಇಷ್ಟೆಲ್ಲ ಕಟ್ಟಳೆ ಮಾಡಿದವರು ಬಾಣಂತಿಯ ಮನಸ್ಸಿಗೆಂದು ಉಳಿಸಿದ್ದು ಒಂದೇ ಒಂದು ಮಾತು. ಅದು ‘ಸನ್ನಿ’. ಆಯುರ್ವೇದದ ‘ಸನ್ನಿಪಾತ’ದಿಂದ ಬಂದ ಪದವಿದು. ಮೂರು ದೋಷಗಳೂ ಒಟ್ಟಿಗೆ ಕೆರಳಿ, ಜ್ವರ ನೆತ್ತಿಗೇರಿ, ರೋಗಿ ಬಡಬಡಿಸುವ ಸ್ಥಿತಿಗೆ ಆ ಹೆಸರು. ಹೆರಿಗೆಯಲ್ಲಿ ಸೋಂಕು ತಗಲಿ ಬಾಣಂತಿಯರು ಜ್ವರದಿಂದ ಸಾಯುತ್ತಿದ್ದ ಕಾಲದಲ್ಲಿ ‘ಬಾಣಂತಿ ಸನ್ನಿ’ ಎಂದರೆ ಮನೆಮಂದಿಯ ಎದೆ ನಡುಗುತ್ತಿತ್ತು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಹೆರಿಗೆ ಮಾಡಿಸುವವರು ಕ್ಲೋರಿನ್ ಬೆರೆತ ನೀರಿನಲ್ಲಿ ಕೈ ತೊಳೆದರೆ ಈ ಜ್ವರದ ಸಾವು ತೀರ ಇಳಿಯುತ್ತದೆಂದು ತೋರಿಸಿಕೊಟ್ಟ ಕಥೆಯನ್ನು ವಿದ್ಯಾರ್ಥಿಗಳು ಕೇಳಿರಬಹುದು. ಮುಂದೆ ಪ್ರತಿಜೈವಿಕಗಳು ಬಂದವು, ಜ್ವರ ಹಿಂದೆ ಸರಿಯಿತು. ಪದ ಮಾತ್ರ ತನ್ನ ಹೆದರಿಕೆಯ ಸಮೇತ ಉಳಿದುಕೊಂಡಿತು. ಇಂದಿಗೂ ಬಾಣಂತಿ ನಾಲ್ಕು ದಿನ ಮಂಕಾಗಿ ಕೂತರೆ ಯಾರೋ ಒಬ್ಬರು ದನಿ ತಗ್ಗಿಸಿ ಅದನ್ನೇ ಆಡುತ್ತಾರೆ. ಇನ್ನೊಬ್ಬರು ‘ಗಾಳಿ ಸೋಕಿದೆ’ ಎಂದು ನಿಂಬೆಹಣ್ಣು ಇಳಿತೆಗೆಯಲು ಹೊರಡುತ್ತಾರೆ.

ಒಂದೇ ಪದದೊಳಗೆ ತುರುಕಿಟ್ಟಿರುವ ಮೂರು ಬೇರೆ ಬೇರೆ ಸಂಗತಿಗಳನ್ನು ಮೊದಲು ಬಿಡಿಸಿಕೊಳ್ಳಬೇಕು. ಹೆರಿಗೆಯಾದ ಎರಡು ಮೂರನೆಯ ದಿನ ಕಾರಣವಿಲ್ಲದೆ ಕಣ್ಣು ತುಂಬಿ ಬರುವುದು, ಸಣ್ಣ ಮಾತಿಗೂ ಸಿಡುಕುವುದು, ಈಗ ನಗು ಮರುಗಳಿಗೆಗೆ ಅಳು, ಇದು ಮೊದಲನೆಯದು. ಹೆತ್ತ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹೀಗಾಗುತ್ತದೆ, ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ. ಇದು ಕಾಯಿಲೆಯಲ್ಲ. ಎರಡನೆಯದು ಬಾಣಂತಿ ಖಿನ್ನತೆ. ಎರಡು ವಾರ ಕಳೆದರೂ ಮನಸ್ಸಿನ ಭಾರ ಇಳಿಯುವುದಿಲ್ಲ. ಮಗು ಮಲಗಿದರೂ ತಾಯಿಗೆ ನಿದ್ರೆ ಬಾರದು, ಊಟ ಸೇರದು, ತನ್ನ ಮಗುವನ್ನೇ ಎತ್ತಿಕೊಂಡರೂ ಪರರ ಮಗುವನ್ನು ಎತ್ತಿಕೊಂಡ ಹಾಗೆ ಅನಿಸುತ್ತದೆ, ‘ನಾನು ಕೆಟ್ಟ ತಾಯಿ’ ಎಂಬ ಒಂದೇ ಯೋಚನೆ ಗಾಣದ ಎತ್ತಿನಂತೆ ಸುತ್ತುತ್ತದೆ. ಮೂರನೆಯದು ನಿಜವಾದ ಬುದ್ಧಿಭ್ರಮಣೆ. ಇಲ್ಲದ ದನಿಗಳು ಕೇಳುವುದು, ಯಾರೋ ಮಗುವನ್ನು ಕದಿಯಲು ಬಂದಿದ್ದಾರೆಂಬ ಅಚಲ ನಂಬಿಕೆ, ಹೊತ್ತು ಗೊತ್ತು ತಿಳಿಯದ ಗೊಂದಲ. ಇದು ಸಾವಿರ ಹೆರಿಗೆಗೆ ಒಂದೋ ಎರಡೋ. ಆದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕಾದ ತುರ್ತು.

ನಡುವಿನದು, ಅಂದರೆ ಖಿನ್ನತೆ, ಎಷ್ಟು ಮಂದಿಗೆ? ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ, ಇಪ್ಪತ್ತು ಸಾವಿರಕ್ಕೂ ಹೆಚ್ಚು ತಾಯಂದಿರ ಲೆಕ್ಕ ಹಿಡಿದು, 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದ ಪ್ರಕಾರ ಶೇಕಡಾ 22. ಐವರು ಬಾಣಂತಿಯರಿದ್ದರೆ ಅವರಲ್ಲಿ ಒಬ್ಬಳು. ಬೀದಿಯೊಂದರಲ್ಲಿ ವರ್ಷಕ್ಕೆ ಐದು ತೊಟ್ಟಿಲು ಕಟ್ಟಿದರೆ ಒಂದು ತೊಟ್ಟಿಲ ಪಕ್ಕದಲ್ಲಿ ಈ ಕಾಯಿಲೆ ಕುಳಿತಿರುತ್ತದೆ ಎಂದಾಯಿತು. ಇಷ್ಟು ಸಾಮಾನ್ಯವಾದ ಕಾಯಿಲೆಯನ್ನು ಯಾರೂ ಕಂಡಿಲ್ಲ, ಕೇಳಿಲ್ಲ ಎನ್ನುವುದಾದರೆ ಅದು ಇಲ್ಲವೆಂದಲ್ಲ, ಬಚ್ಚಿಟ್ಟಿದ್ದಾರೆಂದು.

ಯಾಕೆ ಬರುತ್ತದೆ ಎಂಬುದು ವಿಜ್ಞಾನದ ಪ್ರಶ್ನೆ. ಇದನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು. ಗರ್ಭಿಣಿಯ ರಕ್ತದಲ್ಲಿ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು ತಿಂಗಳಿಂದ ತಿಂಗಳಿಗೆ ಏರುತ್ತ ಕೊನೆಯ ಹೊತ್ತಿಗೆ ಹತ್ತಾರು ಪಟ್ಟು ಹೆಚ್ಚುತ್ತವೆ. ಆ ಹೊತ್ತಿಗೆ ಇವನ್ನು ತಯಾರಿಸುವ ಮುಖ್ಯ ಕಾರ್ಖಾನೆ ಮಾಸು. ಮಗುವಿನ ಹಿಂದೆಯೇ ಮಾಸು ಹೊರಬೀಳುತ್ತಲೂ ಕಾರ್ಖಾನೆಗೆ ಬೀಗ. ಒಂಬತ್ತು ತಿಂಗಳು ಏರಿದ ಮೆಟ್ಟಿಲನ್ನು ದೇಹ ಕೆಲವೇ ದಿನಗಳಲ್ಲಿ ಧುಮುಕಿ ಇಳಿಯಬೇಕು. ಹೆಣ್ಣಿನ ಆಯುಷ್ಯದಲ್ಲಿ ಇಷ್ಟು ಕಡಿದಾದ ಹಾರ್ಮೋನು ಇಳಿತ ಇನ್ನೊಂದಿಲ್ಲ.

ಹಾಗಾದರೆ ಎಲ್ಲ ತಾಯಂದಿರಿಗೂ ಖಿನ್ನತೆ ಬರಬೇಕಿತ್ತಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಇದಕ್ಕೆ ಉತ್ತರ ಹುಡುಕಲು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಒಂದು ಚೊಕ್ಕ ಪ್ರಯೋಗ ನಡೆಯಿತು, 2000ದಲ್ಲಿ ಪ್ರಕಟವಾಯಿತು. ಒಪ್ಪಿ ಬಂದ ಹದಿನಾರು ಮಹಿಳೆಯರು. ಎಂಟು ಜನಕ್ಕೆ ಹಿಂದೊಮ್ಮೆ ಬಾಣಂತಿ ಖಿನ್ನತೆ ಬಂದು ವಾಸಿಯಾಗಿತ್ತು. ಉಳಿದ ಎಂಟು ಜನಕ್ಕೆ ಬಂದೇ ಇರಲಿಲ್ಲ. ಆಗ ಯಾರೂ ಗರ್ಭಿಣಿಯರಲ್ಲ, ಬಾಣಂತಿಯರೂ ಅಲ್ಲ. ಎಲ್ಲರಿಗೂ ಔಷಧದ ಮೂಲಕ ಎಂಟು ವಾರ ಆ ಎರಡು ಹಾರ್ಮೋನುಗಳನ್ನು ಏರಿಸಿ, ಆಮೇಲೆ ಅವರಿಗೆ ತಿಳಿಯದಂತೆ ಒಮ್ಮೆಲೇ ನಿಲ್ಲಿಸಲಾಯಿತು. ಹಿಂದೆ ಕಾಯಿಲೆ ಬಂದಿದ್ದ ಎಂಟರಲ್ಲಿ ಐವರಿಗೆ ಮತ್ತೆ ಮನಸ್ಸು ಕುಸಿಯಿತು. ಬಾರದೇ ಇದ್ದ ಎಂಟರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಇಳಿತ ಎಲ್ಲರಿಗೂ ಒಂದೇ, ಅದಕ್ಕೆ ಸ್ಪಂದಿಸುವ ಮೆದುಳು ಬೇರೆ ಬೇರೆ. ಮಗುವಿಲ್ಲ, ಅತ್ತೆಯಿಲ್ಲ, ನಿದ್ದೆಗೇಡಿಲ್ಲ. ಆದರೂ ರಸಾಯನವೊಂದನ್ನು ಹಿಂದೆಗೆದುಕೊಂಡದ್ದಕ್ಕೇ ಮನಸ್ಸು ಕುಸಿಯಿತೆಂದರೆ, ‘ಇದೆಲ್ಲ ಸೋಮಾರಿತನದ ನೆಪ’ ಎನ್ನುವವರಿಗೆ ಹೇಳಲು ಮಾತು ಉಳಿಯದು.

ಪ್ರೊಜೆಸ್ಟರಾನ್ ಒಡೆದು ಉಂಟಾಗುವ ಅಲೋಪ್ರೆಗ್ನನೊಲೋನ್ ಎಂಬ ವಸ್ತು ಮೆದುಳಿನ ನರಕೋಶಗಳ ಅಬ್ಬರಕ್ಕೆ ಕಡಿವಾಣ ಹಾಕುವ ಕೆಲಸ ಮಾಡುತ್ತದೆ. ಅದನ್ನೇ ಹೋಲುವ ಔಷಧಕ್ಕೆ 2019ರಲ್ಲಿ, ಎರಡು ವಾರ ನುಂಗುವ ಗುಳಿಗೆಯ ರೂಪದ ಇನ್ನೊಂದಕ್ಕೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ ಕೇಳಿದರೆ ತಲೆ ತಿರುಗುತ್ತದೆ, ಆ ಮಾತು ಬೇರೆ. ಇಲ್ಲಿನ ವೈದ್ಯರ ಬಳಿ ಅಷ್ಟು ದುಬಾರಿಯಲ್ಲದ, ಹಾಲೂಡಿಸುವ ತಾಯಿಗೂ ಕೊಡಬಹುದಾದ ಹಳೆಯ ಔಷಧಗಳಿವೆ.

ಎಲ್ಲವನ್ನೂ ಹಾರ್ಮೋನಿನ ತಲೆಗೇ ಕಟ್ಟಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ಏರುಪೇರು, ತುಂಡು ತುಂಡಾದ ನಿದ್ರೆ ಇವೆಲ್ಲ ಸೇರಿಕೊಳ್ಳುತ್ತವೆ. ಅವಕ್ಕಿಂತ ಮಿಗಿಲಾಗಿ ಮನೆಯ ಹವೆ. ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆರಿಗೆಯಾದ ಆರರಿಂದ ಎಂಟು ವಾರದೊಳಗೆ ಶೇಕಡಾ 23 ತಾಯಂದಿರಲ್ಲಿ ಖಿನ್ನತೆ ಕಂಡಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆರು ತಿಂಗಳಾದರೂ ಗುಣವಾಗಿರಲಿಲ್ಲ. ಬಡತನ ಮತ್ತು ಗಂಡನೊಡನೆ ಸರಿಯಿಲ್ಲದ ಸಂಬಂಧ ಮುಖ್ಯ ಕಾರಣಗಳಾಗಿ ಕಂಡವು. ಹುಟ್ಟಿದ್ದು ಹೆಣ್ಣುಮಗುವಾದರೆ ಹೊಡೆತ, ಹಸಿವುಗಳ ಪೆಟ್ಟು ಇನ್ನಷ್ಟು ಆಳಕ್ಕಿಳಿಯುತ್ತಿತ್ತು. ಮಗು ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುವುದು ತಂದೆಯಿಂದ ಬರುವ ಎಕ್ಸ್ ಅಥವಾ ವೈ ವರ್ಣತಂತು ಎಂದು ಹತ್ತನೆಯ ತರಗತಿಯ ಅನುವಂಶೀಯತೆಯ ಪಾಠದಲ್ಲಿ ಓದಿ, ಚಿತ್ರ ಬರೆದು ಅಂಕ ಗಳಿಸಿದ ಹುಡುಗನೇ ಹತ್ತು ವರ್ಷದ ಮೇಲೆ ಹೆಂಡತಿಯ ಮಂಚದ ಪಕ್ಕ ಮುಖ ಗಂಟಿಕ್ಕಿ ನಿಲ್ಲುವುದುಂಟು.

ಈಗ ಆ ಕೋಣೆಯೊಳಗಿನ ಮಾತುಗಳನ್ನು ಕೇಳಿಸಿಕೊಳ್ಳಬೇಕು. ಮಗಳು ಹೆರಿಗೆಗೆ ಬಂದಿದ್ದಾಳೆ, ಎಲ್ಲ ಸುಸೂತ್ರವಾಗಿದೆ, ಮೂರು ವಾರವಾದರೂ ಆಕೆ ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. ತಾಯಿ ಹೇಳುವುದು: ‘ಬಾಣಂತಿ ಅಳಬಾರದು ಕಣೇ, ಕಣ್ಣಿಗೆ ಕೇಡು.’ ದೊಡ್ಡಮ್ಮ ಹೇಳುವುದು: ‘ನಾವೆಲ್ಲ ನಾಕ್ನಾಕು ಹೆತ್ತಿಲ್ವೆ? ಮೂರನೇ ದಿನಕ್ಕೆ ನೀರು ಸೇದಿಲ್ವೆ?’ ತಂದೆಯದು ಕೋಣೆಯ ಹೊರಗಿನಿಂದಲೇ ಒಂದು ಮಾತು: ‘ನಿನಗೇನು ಕಡಿಮೆ ಮಾಡಿದೀವಮ್ಮ?’ ಯಾರದೂ ಕೆಟ್ಟ ಮನಸ್ಸಲ್ಲ. ಆದರೆ ಪ್ರತಿಯೊಂದು ಮಾತೂ ಆಕೆಗೆ ಕೇಳಿಸುವುದು ಒಂದೇ ಬಗೆಯಲ್ಲಿ: ಎಲ್ಲರಿಗೂ ಸಾಧ್ಯವಾದದ್ದು ನನಗೆ ಸಾಧ್ಯವಾಗಲಿಲ್ಲ. ಖಿನ್ನತೆ ಎಂಬ ಕಾಯಿಲೆಯ ಒಂದು ಲಕ್ಷಣವೇ ತನ್ನನ್ನು ತಾನು ಹಳಿದುಕೊಳ್ಳುವುದು. ಅದಕ್ಕೆ ಮನೆಯವರೇ ಸಾಕ್ಷಿ ಒದಗಿಸಿಕೊಟ್ಟಂತಾಯಿತು.

ಮನೆಯವರ ಬಾಯಿ ಕಟ್ಟುವುದು ಇನ್ನೊಂದು ಹೆದರಿಕೆ. ‘ಬೀಗರಿಗೆ ಗೊತ್ತಾದರೆ?’ ಹೆಂಡತಿಗೆ ತಲೆ ಸರಿಯಿಲ್ಲವೆಂದು ಗಂಡನ ಮನೆಯವರು ಕರೆದುಕೊಂಡು ಹೋಗದಿದ್ದರೆ? ತಂಗಿಯ ಮದುವೆಗೆ ತೊಡಕಾದರೆ? ಮಗುವನ್ನು ಕಿತ್ತುಕೊಂಡರೆ? ಹೀಗಾಗಿ ವೈದ್ಯರ ಮುಂದೆ ಹೋದಾಗಲೂ ದೂರು ವೇಷ ಬದಲಿಸುತ್ತದೆ. ತಲೆನೋವು, ಸುಸ್ತು, ಸೊಂಟನೋವು, ಹಾಲು ಸಾಲದು. ಟಾನಿಕ್ ಬರೆಸಿಕೊಂಡು ಮರಳುತ್ತಾರೆ. ಮಗುವನ್ನು ಕಿತ್ತುಕೊಳ್ಳುವ ಭಯಕ್ಕೆ ಕಾನೂನೇ ಉತ್ತರ ಕೊಟ್ಟಿದೆ: 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ ಪ್ರಕಾರ, ಮನೋಚಿಕಿತ್ಸೆಗಾಗಿ ಆಸ್ಪತ್ರೆಗೆ ಸೇರಿದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಕೂಡದು, ಮಗುವಿಗೆ ಅಪಾಯವಿದೆಯೆಂದು ವೈದ್ಯರು ಕಂಡರೆ ಮಾತ್ರ, ಅದೂ ತಾತ್ಕಾಲಿಕವಾಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮತ್ತು ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ. ದೇಶದಲ್ಲಿ ಇಂಥ ಮೊದಲ ವಿಭಾಗ ಅದು. ಕರ್ನಾಟಕದವರು ಹೆಮ್ಮೆಪಡಬೇಕಾದ ಸಂಗತಿ, ಆದರೆ ಊರೂರಿಗೆ ಗೊತ್ತಿಲ್ಲ.

ಹಿಂದಿನ ಬಾಣಂತಿ ಕೋಣೆಗೆ ಒಂದು ಕಿಟಕಿ, ಅದೂ ಮುಚ್ಚಿದ್ದು. ಇಂದು ಅದೇ ಕೋಣೆಯಲ್ಲಿ ದಿಂಬಿನ ಪಕ್ಕ ಮೊಬೈಲಿದೆ. ರಾತ್ರಿ ಮೂರು ಗಂಟೆಗೆ ಮಗುವಿಗೆ ಹಾಲೂಡಿಸುತ್ತ, ಇಡೀ ಮನೆ ಗೊರಕೆ ಹೊಡೆಯುತ್ತಿರುವಾಗ, ಎಚ್ಚರವಿರುವ ಏಕೈಕ ಜೊತೆಗಾರ ಅದೇ. ಬೆರಳು ಸರಿಸಿದರೆ ಸಾಲು ಸಾಲು ತಾಯಂದಿರು. ಹೆರಿಗೆಯಾಗಿ ಹತ್ತನೆಯ ದಿನಕ್ಕೆ ರೇಷ್ಮೆ ಸೀರೆಯುಟ್ಟವಳು, ಒಂದು ತಿಂಗಳಿಗೆ ಹಳೆಯ ಸೊಂಟ ಮರಳಿ ಪಡೆದವಳು, ತಿಂಗಳು ತುಂಬಿದ ಮಗುವನ್ನು ಹೂವಿನ ಬುಟ್ಟಿಯಲ್ಲಿ ಮಲಗಿಸಿ ನಗುತ್ತಿರುವವಳು. ಇತ್ತ ಈಕೆಯ ಕೂದಲು ಬಾಚಿ ಎರಡು ದಿನ, ರವಿಕೆಯ ಮೇಲೆ ಹಾಲಿನ ಕಲೆ, ಹೊಲಿಗೆ ಇನ್ನೂ ಚುಚ್ಚುತ್ತಿದೆ.

ಮನುಷ್ಯ ತನ್ನನ್ನು ಅಳೆದುಕೊಳ್ಳಲು ಬೇರೆ ಅಳತೆಗೋಲು ಸಿಗದಾಗ ಪಕ್ಕದವರನ್ನೇ ಅಳತೆಗೋಲಾಗಿ ಹಿಡಿಯುತ್ತಾನೆಂದು ಲಿಯಾನ್ ಫೆಸ್ಟಿಂಜರ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ಹೇಳಿದ್ದ. ಆಗ ಪಕ್ಕದವರೆಂದರೆ ನಿಜವಾದ ಪಕ್ಕದ ಮನೆಯವರು. ಅವರ ಮನೆಯ ಅಳುವೂ ಗೋಡೆ ದಾಟಿ ಕೇಳುತ್ತಿತ್ತು. ಸಾಮಾಜಿಕ ಜಾಲತಾಣದ ಪಕ್ಕದವರ ಅಳು ಕೇಳಿಸುವುದಿಲ್ಲ. ಸಂಖ್ಯಾಶಾಸ್ತ್ರ ಓದುವ ಮಕ್ಕಳಿಗೆ ಇದು ಥಟ್ಟನೆ ಹೊಳೆಯಬೇಕು. ನೂರು ಚಿತ್ರ ತೆಗೆದು ತೊಂಬತ್ತೊಂಬತ್ತನ್ನು ಅಳಿಸಿ ಒಂದನ್ನು ಹಾಕಿದರೆ ಅದು ಆ ದಿನದ ಮಾದರಿಯಲ್ಲ, ಆ ದಿನದ ಅಪವಾದ. ಅಂಥ ಸಾವಿರ ಅಪವಾದಗಳ ಸರಾಸರಿ ತೆಗೆದು, ತನ್ನ ಒಂದು ಸಾಧಾರಣ ದಿನದೊಡನೆ ಹೋಲಿಸಿದರೆ ಲೆಕ್ಕ ತಪ್ಪದೆ ಇರುತ್ತದೆಯೆ? ಸಾಲದೆಂಬಂತೆ, ಯಾವ ಚಿತ್ರದ ಮೇಲೆ ಕಣ್ಣು ಹೆಚ್ಚು ಹೊತ್ತು ನಿಂತಿತೆಂದು ಆ ಯಂತ್ರ ಗಮನಿಸಿಕೊಂಡು ಅಂಥದನ್ನೇ ಮತ್ತೆ ಮತ್ತೆ ತಂದು ಸುರಿಯುತ್ತದೆ. ಕಣ್ಣು ನಿಂತದ್ದು ಸಂತೋಷಕ್ಕೋ ಸಂಕಟಕ್ಕೋ ಅದಕ್ಕೆ ಬೇಕಿಲ್ಲ.

ಇದು ಬರಿಯ ಊಹೆಯೇನಲ್ಲ. ಅಮೆರಿಕದಲ್ಲಿ ಇಬ್ಬರು ಸಂಶೋಧಕರು ನಾನೂರಕ್ಕೂ ಹೆಚ್ಚು ಹೊಸ ತಾಯಂದಿರಿಗೆ ಇನ್‌ಸ್ಟಾಗ್ರಾಮ್ ಮಾದರಿಯ ಚಿತ್ರಗಳನ್ನು ತೋರಿಸಿ ಪರೀಕ್ಷಿಸಿದರು. 2022ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ, ಎಲ್ಲವೂ ಚೆಂದವಾಗಿರುವ ತಾಯ್ತನದ ಚಿತ್ರ ನೋಡಿದವರಲ್ಲಿ ಕಳವಳ, ಕರುಬು ಹೆಚ್ಚಿದವು. ಹೋಲಿಸಿಕೊಳ್ಳುವ ಸ್ವಭಾವ ಜಾಸ್ತಿ ಇದ್ದವರಿಗೆ ಪೆಟ್ಟೂ ಜಾಸ್ತಿ. ಜಾಲತಾಣ ಒಂದೇ ಬಾಣಂತಿ ಖಿನ್ನತೆಯನ್ನು ಹುಟ್ಟಿಸುತ್ತದೆ ಎನ್ನುವಂತಿಲ್ಲ. ಅದಿಲ್ಲದ ಕಾಲದಲ್ಲೂ ಕಾಯಿಲೆ ಇತ್ತು. 1858ರಲ್ಲೇ ಫ್ರಾನ್ಸಿನ ವೈದ್ಯ ಮಾರ್ಸೆ ಗರ್ಭಿಣಿ ಬಾಣಂತಿಯರ ಮನೋರೋಗಗಳ ಬಗ್ಗೆ ಇಡೀ ಗ್ರಂಥ ಬರೆದಿದ್ದ. ಆದರೆ ಆಗಲೇ ಬಿರುಕು ಬಿಟ್ಟ ಗೋಡೆಗೆ ಮಳೆ ನೀರು ಇಳಿದಂತೆ, ಕುಸಿದ ಮನಸ್ಸಿನೊಳಕ್ಕೆ ಈ ಹೋಲಿಕೆ ಇಳಿಯುತ್ತದೆ.

ದೂರದ ಸುಂದರಿಯರದ್ದು ಒಂದು ಬಗೆಯಾದರೆ ಹತ್ತಿರದ ನೆಂಟರದ್ದು ಇನ್ನೊಂದು. ಮಗು ಹುಟ್ಟಿದ ಗಂಟೆಯೊಳಗೆ, ತಾಯಿಗೆ ಇನ್ನೂ ಪೂರ್ತಿ ಎಚ್ಚರವಾಗುವ ಮೊದಲೇ, ಮನೆಯ ಕಾಲೇಜು ಹುಡುಗನೋ ಹುಡುಗಿಯೋ ‘ಅಕ್ಕನಿಗೆ ಮಗು ಆಯ್ತು’ ಎಂದು ಚಿತ್ರ ಸಮೇತ ವಾಟ್ಸ್‌ಆ್ಯಪಿನ ಸ್ಟೇಟಸ್ಸಿಗೆ ಹಾಕಿಬಿಟ್ಟಿರುತ್ತಾರೆ. ಸಂತೋಷದಿಂದ ಮಾಡಿದ ಕೆಲಸವೇ. ಕುಟುಂಬದ ಗುಂಪಿನಲ್ಲಿ ಉತ್ತರಗಳು ಉದುರುತ್ತವೆ. ಸಿಸೇರಿಯನ್ನಾ? ಮಗು ಯಾಕೆ ಇಷ್ಟು ಸಣ್ಣಕಿದೆ? ಬಣ್ಣ ಅಪ್ಪನ ಕಡೆಯದಾ? ತಾಯಿ ಊದಿಕೊಂಡಿದಾಳಲ್ಲ! ಇವನ್ನೆಲ್ಲ ಹಿಂದೆ ತೊಟ್ಟಿಲ ಹತ್ತಿರ ನಿಂತು ಆಡುತ್ತಿದ್ದರು, ಹೋಗುತ್ತಿದ್ದರು. ಮಾತು ಗಾಳಿಗೆ ಹಾರುತ್ತಿತ್ತು. ಈಗ ಅಕ್ಷರವಾಗಿ ಉಳಿಯುತ್ತದೆ. ರಾತ್ರಿ ಮೂರು ಗಂಟೆಗೆ ಆಕೆ ಅದನ್ನು ನಲವತ್ತನೆಯ ಸಲ ಓದಬಹುದು.

ನೆಂಟರ ಗುಂಪಿನಲ್ಲಿ ನಲವತ್ತು ಜನ. ಅದೇ ಬಗೆಯ ತೀರ್ಪು ಲಕ್ಷ ಜನರಿಂದ ಬಂದರೆ? 2024ರ ಏಪ್ರಿಲ್ ಕೊನೆಯಲ್ಲಿ ಚೆನ್ನೈ ಹೊರವಲಯದ ವಸತಿ ಸಮುಚ್ಚಯವೊಂದರಲ್ಲಿ ತಾಯಿಯೊಬ್ಬರ ಕೈಯಿಂದ ಜಾರಿದ ಹಸುಗೂಸು ಕೆಳಗಿನ ಮಾಡಿನ ಮೇಲೆ ಬಿದ್ದು ಸಿಕ್ಕಿಕೊಂಡಿತು. ನೆರೆಹೊರೆಯವರು ಜೀವ ಪಣಕ್ಕಿಟ್ಟು ಮಗುವನ್ನು ಉಳಿಸಿದರು. ಮಗು ಬದುಕಿತು. ಆ ದೃಶ್ಯದ ವಿಡಿಯೊ ಮಾತ್ರ ದೇಶವೆಲ್ಲ ಸುತ್ತಿತು. ಉಳಿಸಿದವರಿಗೆ ಬಂದ ಹೊಗಳಿಕೆಯ ಜೊತೆಜೊತೆಗೇ ತಾಯಿಗೆ ಬೈಗುಳದ ಮಳೆ. ‘ಇವಳೂ ಒಬ್ಬ ತಾಯಿಯೆ?’ ಎಂಬ ಧಾಟಿಯದು. ಬರೆದವರಲ್ಲಿ ಬಹುಮಂದಿ ಆಕೆಯನ್ನು ಕಂಡವರಲ್ಲ. ಕೆಲವೇ ವಾರಗಳಲ್ಲಿ, ಮೇ ತಿಂಗಳಲ್ಲಿ, ತವರಿಗೆ ಹೋಗಿದ್ದ ಆ ತಾಯಿ ಜೀವ ಕಳೆದುಕೊಂಡರು. ಖಿನ್ನತೆಯಿಂದಿದ್ದರೆಂದು ಪತ್ರಿಕೆಗಳು ವರದಿ ಮಾಡಿದವು. ಅದು ಬಾಣಂತಿ ಖಿನ್ನತೆಯೇ ಎಂದು ದೂರದಲ್ಲಿ ಕುಳಿತು ಹೇಳುವುದು ತರವಲ್ಲ. ಒಂದು ಸಾವಿಗೆ ಒಂದೇ ಕಾರಣ ಹುಡುಕುವುದೂ ತಪ್ಪು. ಆದರೆ ಮಗು ಬದುಕುಳಿದ ಮನೆಯೊಂದರ ಮೇಲೆ ಬಂದೆರಗಿದ ಆ ಮಾತುಗಳನ್ನು ಮುಂದೆ ಕಳಿಸಿದ ಬೆರಳುಗಳಲ್ಲಿ ಎಷ್ಟು ವಿದ್ಯಾರ್ಥಿಗಳವು, ಎಷ್ಟು ಅಪ್ಪ ಅಮ್ಮಂದಿರವು ಎಂದು ಕೇಳಿಕೊಳ್ಳದೆ ಇರಲಾಗದು.

ಹೀಗೆಂದು ಮೊಬೈಲನ್ನು ಕಿತ್ತು ಬೀರುವಿನಲ್ಲಿಟ್ಟರೆ ಸರಿಹೋಗುತ್ತದೆ ಎಂದು ಕೆಲವು ಹಿರಿಯರು ಹೊರಡಬಹುದು. ಅದು ಅವಸರ. ಅದೇ ಜಾಲತಾಣದಲ್ಲಿ ನಿಜ ಹೇಳಿದವರೂ ಇದ್ದಾರೆ. ಸುದೀಪ್ ಜೊತೆ 2013ರ ‘ವರದನಾಯಕ’ದಲ್ಲಿ ನಟಿಸಿದ್ದ ಸಮೀರಾ ರೆಡ್ಡಿ, 2015ರಲ್ಲಿ ಮೊದಲ ಮಗು ಹುಟ್ಟಿದ ಮೇಲೆ ಖಿನ್ನತೆಗೆ ಸಿಕ್ಕಿ ಬಳಲಿದ್ದನ್ನು ಮುಚ್ಚಿಡದೆ ಹೇಳಿಕೊಂಡರು, ಎರಡನೆಯ ಹೆರಿಗೆಯ ಸಮಯದಲ್ಲಿ ಮೇಕಪ್ಪಿಲ್ಲದ ಮುಖ, ಬಿಳಿಗೂದಲು, ದಪ್ಪಗಾದ ಮೈ ಎಲ್ಲವನ್ನೂ ಇದ್ದಂತೆಯೇ ತೋರಿಸಿದರು. ಇದಕ್ಕೂ ಮೊದಲು, 2005ರಲ್ಲಿ, ಅಮೆರಿಕದ ನಟಿ ಬ್ರೂಕ್ ಶೀಲ್ಡ್ಸ್ ತಮ್ಮ ಬಾಣಂತಿ ಖಿನ್ನತೆಯ ಬಗ್ಗೆ ಪುಸ್ತಕವನ್ನೇ ಬರೆದಾಗ, ಔಷಧ ತೆಗೆದುಕೊಂಡದ್ದೇ ತಪ್ಪೆಂದು ಟೆಲಿವಿಷನ್ನಿನಲ್ಲಿ ಟೀಕಿಸಿದ್ದು ನಟ ಟಾಮ್ ಕ್ರೂಸ್. ಶೀಲ್ಡ್ಸ್ ಪತ್ರಿಕೆಯಲ್ಲಿ ಖಾರವಾಗಿಯೇ ಉತ್ತರ ಕೊಟ್ಟರು. ಮರುವರ್ಷ ಕ್ರೂಸ್ ಕ್ಷಮೆ ಕೇಳಿದರು. ಜೀವಮಾನದಲ್ಲಿ ಹೆರಲಾರದ ಗಂಡಸರು ಈ ವಿಷಯದಲ್ಲಿ ಇಷ್ಟು ಖಚಿತವಾಗಿ ಮಾತಾಡುವುದು ಎಲ್ಲ ದೇಶಗಳಲ್ಲೂ ಒಂದೇ ಎಂದು ತೋರುತ್ತದೆ.

ಅಮೆರಿಕದಲ್ಲೋ ದುಬೈಯಲ್ಲೋ ಹೆತ್ತ ಕನ್ನಡದ ಹೆಣ್ಣುಮಗಳಿಗೆ ವೀಸಾದ ಕೆಲವು ತಿಂಗಳು ಮುಗಿದು ಅಮ್ಮ ವಿಮಾನ ಹತ್ತಿದ ಮೇಲೆ, ‘ನನಗೂ ಹೀಗೇ ಆಗಿತ್ತು’ ಎನ್ನುವ ಇನ್ನೊಬ್ಬಳು ಸಿಗುವುದು ಎಷ್ಟೋ ಸಲ ಮೊಬೈಲಿನಲ್ಲೇ. ಆ ಒಂದು ಮಾತಿನ ಬೆಲೆ ದೊಡ್ಡದು. ಅಪಾಯ ಬರುವುದು ಆಮೇಲೆ, ಹೆಸರು ಗೊತ್ತಿಲ್ಲದವರು ಮದ್ದು ಹೇಳತೊಡಗಿದಾಗ. ‘ಹಾಲೂಡಿಸುವಾಗ ಮಾತ್ರೆ ವಿಷ, ಇಂದೇ ನಿಲ್ಲಿಸು’ ಎಂಬಂಥ ಸಲಹೆ ನಂಬಿ ಔಷಧವನ್ನು ತಟ್ಟನೆ ಬಿಟ್ಟರೆ ಕಾಯಿಲೆ ಮರುಕಳಿಸುತ್ತದೆ. ಜೊತೆಗಾರ್ತಿಯನ್ನು ಅಲ್ಲಿ ಹುಡುಕಿಕೊಳ್ಳಲಿ, ವೈದ್ಯರನ್ನಲ್ಲ.

ಕಾಯಿಲೆಯನ್ನು ಹಿಡಿಯಲು ದೊಡ್ಡ ಯಂತ್ರಗಳೇನೂ ಬೇಡ. ಜಾನ್ ಕಾಕ್ಸ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ‘ಎಡಿನ್‌ಬರೊ ಮಾಪಕ’ ಎಂಬುದು ಹತ್ತೇ ಪ್ರಶ್ನೆಗಳ ಒಂದು ಹಾಳೆ. ಕಳೆದ ಏಳು ದಿನಗಳಲ್ಲಿ ನಗು ಬಂತೆ, ಮುಂದಿನದನ್ನು ನೆನೆದು ಹುರುಪಾಯಿತೆ, ಸುಮ್ಮಸುಮ್ಮನೆ ತನ್ನ ಮೇಲೇ ತಪ್ಪು ಹೊರಿಸಿಕೊಂಡಳೆ, ಹೀಗೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು ಮೂವತ್ತು. ಶಾಲೆಯಲ್ಲಿ ಹೆಚ್ಚು ಅಂಕ ಬಂದರೆ ಸಂತೋಷ. ಇಲ್ಲಿ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು. ಕನ್ನಡದಲ್ಲೂ ಈ ಪ್ರಶ್ನೆಗಳಿವೆ. ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತದ್ದು. ಅದಕ್ಕೆ ‘ಹೌದು’ ಎಂದರೆ ಒಟ್ಟು ಅಂಕ ಎಷ್ಟೇ ಇರಲಿ, ತಡಮಾಡುವಂತಿಲ್ಲ.

ಗುಣಪಡಿಸಲು ಯಾವಾಗಲೂ ಮನೋವೈದ್ಯರೇ ಬೇಕೆಂದೂ ಇಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಡಾ. ಆತಿಫ್ ರಹಮಾನ್ ತಂಡ, ನಮ್ಮ ಆಶಾ ಕಾರ್ಯಕರ್ತೆಯರಂತೆ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟಿತು. ಖಿನ್ನತೆಯಿದ್ದ ತಾಯಂದಿರೊಡನೆ ಅವರು ಕುಳಿತು ಮಾತಾಡಿದರು. ಕೆಟ್ಟ ಯೋಚನೆಯನ್ನು ಗುರುತಿಸುವುದು, ಅದಕ್ಕೆ ಬದಲಿ ಯೋಚನೆ ಹುಡುಕುವುದು, ಮಗುವಿನೊಡನೆ ಆಡುವುದು, ಇಷ್ಟೇ. 2008ರಲ್ಲಿ ಪ್ರಕಟವಾದ ಫಲಿತಾಂಶ: ಆರು ತಿಂಗಳ ನಂತರ ಇವರಲ್ಲಿ ಶೇಕಡಾ 23 ಮಂದಿಗೆ ಮಾತ್ರ ಖಿನ್ನತೆ ಉಳಿದಿತ್ತು, ಈ ಮಾತುಕತೆ ದೊರೆಯದ ತಾಯಂದಿರಲ್ಲಿ ಶೇಕಡಾ 53. ಅಲ್ಲಿನ ಕಾರ್ಯಕರ್ತೆಯರು ಮನೆಯೊಳಗೆ ಹೋಗಲು ಹಿಡಿದ ದಾರಿಯೂ ಜಾಣತನದ್ದೇ. ‘ನಿನಗೆ ಮನಸ್ಸಿನ ಕಾಯಿಲೆ’ ಎಂದು ಹೊಸ್ತಿಲಲ್ಲಿ ನಿಂತು ಹೇಳಿದರೆ ಬಾಗಿಲು ಮುಚ್ಚುತ್ತಿತ್ತು. ಮಗುವಿನ ಬೆಳವಣಿಗೆಗಾಗಿ ಬಂದಿದ್ದೇವೆ ಎಂದರು. ಅತ್ತೆಯೂ ಚಾಪೆ ಹಾಸಿ ಪಕ್ಕದಲ್ಲಿ ಕೂರುವಂತಾಯಿತು.

ಮನೆಯಲ್ಲಿ ಮಾಡಬಹುದಾದ್ದು ಇನ್ನೂ ಸರಳ. ತಾಯಿಗೆ ಒಟ್ಟಿಗೆ ನಾಲ್ಕೈದು ಗಂಟೆ ನಿದ್ರೆ ಸಿಗುವಂತೆ ರಾತ್ರಿಯ ಪಾಳಿಯನ್ನು ಯಾರಾದರೂ ಹಂಚಿಕೊಳ್ಳುವುದು. ಗಂಡನೂ ಇದಕ್ಕೆ ಲಾಯಕ್ಕು. ‘ಅಳಬೇಡ’ ಎನ್ನುವ ಬದಲು ‘ಯಾವಾಗಿನಿಂದ ಹೀಗನ್ನಿಸ್ತಿದೆ ಮಗಾ?’ ಎಂದು ಕೇಳುವುದು, ಕೇಳಿ ಸುಮ್ಮನೆ ಕೂರುವುದು. ಚಿತ್ರ ಹಾಕುವ ಮುನ್ನ ಅಕ್ಕನನ್ನೊಮ್ಮೆ ಕೇಳುವುದು. ಎರಡು ವಾರ ದಾಟಿದರೂ ಮಂಕು ಹೋಗದಿದ್ದರೆ ಹೆರಿಗೆ ಮಾಡಿಸಿದ ವೈದ್ಯರಲ್ಲೇ ಮೊದಲು ಹೇಳಬಹುದು. ಅದೂ ಸಂಕೋಚವಾದರೆ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸೇವೆಯಿದು. ಹಗಲೂ ರಾತ್ರಿ, ಕನ್ನಡದಲ್ಲೂ ಮಾತಾಡುತ್ತಾರೆ. ಆ ಮೂರು ಗಂಟೆಯ ಹೊತ್ತಿಗೂ ಯಾರೋ ಎಚ್ಚರವಿರುತ್ತಾರೆ.

ಎಲ್ಲ ಮನೆಗಳೂ ತಪ್ಪದೆ ಪಾಲಿಸುವ ಒಂದು ಕಟ್ಟಳೆ ಈಗ ಹೊಸದಾಗಿ ಸೇರಿದೆ, ಅದು ಲಸಿಕೆ. ಆರನೆಯ ವಾರ, ಹತ್ತನೆಯ ವಾರ, ಹದಿನಾಲ್ಕನೆಯ ವಾರ ಮಗುವನ್ನೆತ್ತಿಕೊಂಡು ತಾಯಿ ಆರೋಗ್ಯ ಕೇಂದ್ರಕ್ಕೆ ಬಂದೇ ಬರುತ್ತಾಳೆ, ಜೊತೆಗೆ ಅಜ್ಜಿಯೋ ತಂಗಿಯೋ ಇರುತ್ತಾರೆ. ಖಿನ್ನತೆ ಬೇರುಬಿಡುವ ವಾರಗಳೂ ಅವೇ. ಚುಚ್ಚುಮದ್ದು ಕೊಡಲು ಒಂದು ನಿಮಿಷ ಸಾಕು. ಆಮೇಲೆ ಮಗುವಿಗೆ ಏನಾದರೂ ಆದೀತೆಂದು ಅರ್ಧ ಗಂಟೆ ಅಲ್ಲೇ ಬೆಂಚಿನ ಮೇಲೆ ಕೂರಿಸುತ್ತಾರೆ. ಎಲ್ಲರ ಕಣ್ಣು ಮಗುವಿನ ಮೇಲೆ. ಹತ್ತು ಪ್ರಶ್ನೆಗಳನ್ನು ತಾಯಿಗೆ ಕೇಳಲು ಬೇಕಾಗುವುದು ಐದು ನಿಮಿಷ.